ಕೀಲೆಣ್ಣೆ ಕುಡಿದ ಸೈಕಲ್ಲು

ನಂಬುವುದಿಲ್ಲ ಅನ್ನುವವರು ಸವಣೂರಿಗೆ ಹೋಗಿ ಎಲಿ ಸಾವಕಾರರನ್ನ ಕೇಳ್ರಿ. ಬೈಕೋತ ಹೇಳ್ತಾರ, ಆದರ ಖರೇನ ಹೇಳ್ತಾರ. ಸೈಕಲ್ ಇಟ್ಟವನ ಬಾಳಿನಾಗ ಇಂಥವು ನಡೆಯುತ್ತಲೇ ಇರುತ್ತವೆ.

ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯದವರಾದ ಮರುವರ್ಷ. ರಾಜ್ಯ ಬದಲಾಗಿತ್ತು, ರಸ್ತೆ ಬದಲಾಗಿರಲಿಲ್ಲ. ಹಿರೇಬೆಂಡಿಗೇರಿಯ ಹುಡುಗರಲ್ಲಿ ಸೈಕಲ್ ಇದ್ದವನು ನಾನೊಬ್ಬನೇ. ಬರಿಗಾಲಲ್ಲಿ ನಡೆದರೂ ಗಂಟೆ ಬಾರಿಸಿದ ಹಾಗೆ ನಡೆಯುತ್ತಿದ್ದೆ. ಸವಣೂರಿನ ವೀಳ್ಯದೆಲೆ ಸಾವಕಾರರಿಗೆ ದಿನಾ ಶಿಗ್ಗಾವಿಗೆ ಎಲೆ ಒಯ್ಯುವವನು ಬೇಕಾಗಿತ್ತು. ಸೋಮವಾರ ಸೈಕಲ್ ತಂದು ತೋರಿಸು, ನೆಟ್ಟಗಿದ್ದರೆ ಕೆಲಸ ನಿನ್ನದು ಅಂದಿದ್ದರು. ಅಪ್ಪನ ಹೊಲದಿಂದ ಪಾರಾಗಲು ನನಗಿದ್ದ ದಾರಿ ಅದೊಂದೇ. ರಿಪೇರಿಗೆ ಚಕ್ಕಡಿ ಹೊಡೆಯುವ ಗೆಳೆಯನನ್ನು ಕರೆದೆ.

೧. ಎಮ್ಮೆಯ ಗುಳ್ಳೆ

ಹಿಂದಿನ ಗಾಲಿ ಗಾಳಿ ಬಿಡುತ್ತಿತ್ತು. ಗೆಳೆಯ ಟ್ಯೂಬು ಬಿಚ್ಚಿ, ದನಗಳು ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ಮುಳುಗಿಸಿದ. ಅದೇ ಹೊತ್ತಿಗೆ ಅವನ ಎಮ್ಮೆ ಬಂದು ಮೂಗಿನ ತನಕ ಮೂತಿ ಹಾಕಿತು. ನೀರೆಲ್ಲ ಗುಳುಗುಳು. ಇವನು ಗುಳ್ಳೆ ಎದ್ದಲ್ಲೆಲ್ಲ ಗುರುತು ಮಾಡಿ, ಐದು ತೂತು ಅಂದ. ಐದು ತ್ಯಾಪಿ ಹಚ್ಚಿದೆವು. ಎಮ್ಮೆ ಹೋದ ಮೇಲೆ ನೋಡಿದರೆ ಟ್ಯೂಬಿಗೆ ಏನೂ ಆಗಿರಲಿಲ್ಲ, ಹರಿದದ್ದು ಗಾಳಿ ತುಂಬುವ ಮೂತಿಯೊಳಗಿನ ವಾಲ್‌ಟ್ಯೂಬು.

"ಉಸಿರು ಬಿಟ್ಟಿದ್ದು ನಿನ್ನ ಎಮ್ಮಿಲೇ" ಅಂದೆ.

"ಇರಲಿ ಬಿಡೋ. ಮುಂದ ಬೀಳೋ ತೂತು ಇವತ್ತ ಮುಚ್ಚೇವಿ."

೨. ಚೀರುವ ಬ್ರೇಕು

ಬ್ರೇಕು ಹಿಡಿದರೆ ಓಣಿಯ ನಾಯಿಗಳೆಲ್ಲ ಬೊಗಳುತ್ತಿದ್ದವು. ಗೆಳೆಯನ ಶಾಸ್ತ್ರದಲ್ಲಿ ಚೀರುವ ಗಾಲಿ ಎಣ್ಣೆ ಬೇಡುತ್ತದೆ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ, ಚಕ್ಕಡಿಗೆ ಹಾಕುವ ಕೀಲೆಣ್ಣೆ ತಂದ. ಅಚ್ಚಿಗೆ ಹಾಕಿದ, ಚೈನಿಗೆ ಹಾಕಿದ, ಅಷ್ಟಕ್ಕೇ ಬಿಡದೆ ರಿಮ್ಮಿಗೂ ಬ್ರೇಕಿನ ರಬ್ಬರಿಗೂ ಬಳಿದ. ಎಡಗಡೆ ಬಿಟ್ಟೀ ನೋಡು ಅಂತ ನಾನೇ ತೋರಿಸಿಕೊಟ್ಟೆ. ಬ್ರೇಕು ಆಮೇಲೆ ಕಿಂವ್ ಅನ್ನಲಿಲ್ಲ. ನೋಡಲು ಬಂದ ಹಿರಿಯರೆಲ್ಲ ಭೇಷ್ ಅಂದರು. ಹತ್ತಿ ನೋಡು ಅಂತ ಹೇಳುವ ಬುದ್ಧಿವಂತ ಊರಲ್ಲಿ ನಾನೊಬ್ಬನೇ ಇದ್ದೆ, ನನಗೂ ಅದು ಹೊಳೆಯಲಿಲ್ಲ.

೩. ನಿಂತು ತೋರಿಸು

ಸೋಮವಾರ ಗೆಳೆಯನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ. ಸವಣೂರು ಮುಟ್ಟುವ ತನಕ ಬ್ರೇಕಿನ ಕೆಲಸವೇ ಬೀಳಲಿಲ್ಲ. ಸಾವಕಾರರ ಅಂಗಡಿ ಸವಣೂರಿನ ಇಳಿಜಾರಿನಲ್ಲಿ. ಅವರು ಕಟ್ಟೆಯ ಮೇಲೆ ಕೂತಿದ್ದರು. ಬ್ರೇಕು ಒತ್ತಿದೆ, ಬೆಣ್ಣೆ ಒತ್ತಿದ ಹಾಗಾಯಿತು. ಅಂಗಡಿ ದಾಟಿಹೋಗುವಾಗ ಮರ್ಯಾದೆಗೆ ಒಂದು ನಮಸ್ಕಾರ ಹಾಕಿದೆ. ಹಿಂದಿನಿಂದ ಗೆಳೆಯನೂ ಹಾಕಿದ. ಇಳಿಜಾರು ಮುಗಿದ ಮೇಲೆ ಸೈಕಲ್ ತಳ್ಳಿಕೊಂಡು ಬಂದು, ವೇಗ ತೋರಿಸಿದೆ ಅಂತ ಎದೆಯುಬ್ಬಿಸಿ ಹೇಳಿದೆ.

"ವೇಗ ನೋಡಿದ್ನೆಪಾ" ಅಂದರು ಸಾವಕಾರರು. "ಈಗ ನಿಂತು ತೋರಿಸು."

ಮತ್ತೆ ಮೇಲಿನಿಂದ ಬಿಟ್ಟೆವು. ಈ ಸಲ ನಿಂತೆವು, ಎಲೆಯ ಬುಟ್ಟಿಗಳ ನಡುವೆ. ಸಾವಕಾರರು ನನ್ನನ್ನು ಎಬ್ಬಿಸಲಿಲ್ಲ. ಇನ್ನೂ ತಿರುಗುತ್ತಲೇ ಇದ್ದ ಗಾಲಿಯನ್ನು ನೋಡಿದರು, ಬೆರಳಿಗೆ ಮಸಿ ಹಚ್ಚಿಕೊಂಡು ಮೂಸಿದರು.

"ಈ ಎಣ್ಣಿ ಕಲಸಿದಾಂವ ಯಾರು?"

"ನಾನ್ರಿ" ಅಂದ ಗೆಳೆಯ, ಬುಟ್ಟಿಯೊಳಗಿಂದಲೇ.

ಸೈಕಲ್ ಸಹವಾಸ ಸಾಕು, ಗಾಲಿ ಹಿಂಗ ತಿರುಗಿಸೋ ಎಣ್ಣಿ ನಮ್ಮ ಚಕ್ಕಡಿಗೆ ಬೇಕು ಅಂದರು ಸಾವಕಾರರು. ಎಲೆ ಒಯ್ಯಲು ತಮ್ಮ ಚಕ್ಕಡಿಯನ್ನೇ ಹೂಡಿಸಿ ಗೆಳೆಯನ ಕೈಗೆ ಹಗ್ಗ ಕೊಟ್ಟರು. ನನಗೆ ಒಂದು ತಂಬಿಗೆ ಕೊಟ್ಟರು, ಚಕ್ಕಡಿಯ ಹಿಂದೆ ಕೂತು ಎಲೆಗೆ ನೀರು ಚಿಮುಕಿಸಲು.