ಹೊಗೆ ಏಳದ ಊರು

ಸರ್ಕಾರ ಅಡುಗೆಮನೆಯ ಹೊಗೆಯನ್ನು ಓಡಿಸಲು ಹೊರಟಾಗಲೆಲ್ಲ ಅದು ಬೇರೆ ಯಾವುದೋ ಬಾಗಿಲಿನಿಂದ ಒಳಗೆ ಬಂದು ಕೂರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಬೆಳ್ತಂಗಡಿಯಲ್ಲಿ ಗ್ರಾಮಸೇವಿಕೆ. ಮನೆಮನೆಗೆ ಹೋಗಿ, ಕೊಳವೆಯಿಂದ ಹೊಗೆಯನ್ನು ಮಾಡಿನ ಮೇಲಕ್ಕೆ ಬಿಡುವ ಹೊಗೆರಹಿತ ಒಲೆ ಹಾಕಿಸುವುದು ನನ್ನ ಕೆಲಸ. ನನ್ನೂರು ಗದಗ, ಗಂಡ ಅಲ್ಲೇ ಹೈಸ್ಕೂಲಿನಲ್ಲಿ ಮೇಷ್ಟ್ರು. ವರ್ಗ ಕೇಳಿ ಕೇಳಿ ಸಾಕಾಗಿದ್ದಾಗ ನಮ್ಮ ಮೇಲಧಿಕಾರಿ ಒಂದು ದಾರಿ ತೋರಿಸಿದರು.

"ಒಂದು ಊರನ್ನು ಪೂರ್ತಿ ಹೊಗೆ ಇಲ್ಲದ ಹಾಗೆ ಮಾಡಿ ತೋರಿಸಿ. ಜಿಲ್ಲೆಯ ಸಾಹೇಬರಿಗೆ ಹೇಳಿ ನಿಮ್ಮನ್ನು ಗದಗಕ್ಕೆ ಕಳಿಸ್ತೇನೆ."

ಘಟ್ಟದ ಬುಡದ ಒಂದು ಹಳ್ಳಿಯನ್ನು ಆರಿಸಿಕೊಂಡೆ.

ಚಂದದ ಒಲೆ

ಮೊದಲ ಒಲೆ ಹಾಕಿಸಿದ ಮನೆಗೆ ಒಂದು ತಿಂಗಳು ಬಿಟ್ಟು ಹೋದೆ. ಒಲೆ ಹೊಳೆಯುತ್ತಿತ್ತು. ಸುತ್ತ ರಂಗೋಲಿ, ಮೇಲೆ ಎರಡು ದಾಸವಾಳ. ಬೆಂಕಿಯ ಗುರುತೇ ಇಲ್ಲ. ಅಡುಗೆ ಎಲ್ಲಿ ಎಂದು ಕೇಳಿದರೆ ಮನೆಯಾಕೆ ಹಿತ್ತಿಲಿನ ಮಾಡಿನ ಕೆಳಗೆ ಕರೆದುಕೊಂಡು ಹೋದಳು. ಮೂರು ಕಲ್ಲಿನ ಮೇಲೆ ಕುಚ್ಚಲಕ್ಕಿ ಕುದಿಯುತ್ತಿತ್ತು, ಹೊಗೆ ತೆಂಗಿನ ಮರದಷ್ಟು ಎತ್ತರಕ್ಕೆ.

"ಅಷ್ಟು ಚಂದದ ಒಲೆಗೆ ಮಸಿ ಹಿಡಿಸಿದರೆ ನಿಮಗೆ ಬೇಜಾರಾಗುವುದಿಲ್ವಾ ಅಕ್ಕ?" ಎಂದಳು.

ಅಟ್ಟ

ಬ್ಯಾರಿ ಅಜ್ಜಿಯೊಬ್ಬರ ಮನೆಯಲ್ಲಿ ಮಾತ್ರ ದಿನಾ ನಮ್ಮ ಒಲೆಯೇ ಉರಿಯುತ್ತಿತ್ತು. ಅಡುಗೆಮನೆಯಲ್ಲಿ ಎಳ್ಳಷ್ಟೂ ಹೊಗೆ ಇಲ್ಲ. ಸಂತೋಷದಿಂದ ಅಂಗಳಕ್ಕೆ ಬಂದು ನೋಡಿದರೆ ಮಾಡಿನ ಮೇಲೆ ಕೊಳವೆಯೇ ಇಲ್ಲ. ಏಣಿ ಹತ್ತಿ ಅಟ್ಟದೊಳಗೆ ತಲೆ ಹಾಕಿದೆ. ಕೊಳವೆಯ ಬಾಯಿ ಅಲ್ಲಿತ್ತು. ಅದರ ಮುಂದೆ ಸಾರಿಗೆ ಹುಳಿಯಾಗಿ ಹಾಕುವ ಪುನರ್ಪುಳಿ ಸಿಪ್ಪೆ, ಒಣಮೀನು, ಬುಟ್ಟಿಗಳು. ಕೆಮ್ಮುತ್ತಾ ಇಳಿದೆ.

ಅಜ್ಜಿ ಕೆಳಗಿನಿಂದಲೇ ಸಮಾಧಾನ ಹೇಳಿದರು. "ಅಡುಗೆಮನೆಗೆ ಹೊಗೆ ಬೇಡ ಎಂದಿರಿ, ಒಪ್ಪಿದೆವು. ಮಳೆಗಾಲದಲ್ಲಿ ಅಟ್ಟಕ್ಕೂ ಹೊಗೆ ಬೇಡ ಎಂದರೆ ಮೀನಿಗೆ ಹುಳ ಆಗುವುದಿಲ್ವಾ ಮೇಡಂ?"

ಗೋಬರ್ ಗ್ಯಾಸ್

ಒಬ್ಬ ರೈತರ ಮನೆಯಲ್ಲಿ ಗೋಬರ್ ಗ್ಯಾಸ್ ಇತ್ತು. ಗುಂಡಿಯ ಮೇಲಿನ ಕಬ್ಬಿಣದ ಡ್ರಮ್ಮು ತುಂಬಿ ಮೇಲೆದ್ದು, ಅಂಚಿನಲ್ಲಿ ಗ್ಯಾಸು ಗುಳುಗುಳು ಎಂದು ಹೊರಗೆ ಹೋಗುತ್ತಿತ್ತು. ಒಳಗೆ ಹೆಂಡತಿ ಸೌದೆ ಊದುತ್ತಿದ್ದಳು. ಗ್ಯಾಸು ಯಾಕೆ ಉರಿಸುವುದಿಲ್ಲ ಎಂದೆ. ನೆಂಟರು ಬಂದಾಗ ಮುಗಿದುಹೋದರೆ ಮರ್ಯಾದೆ ಏನಾಗಬೇಕು ಎಂದು ರೈತರೇ ನನ್ನನ್ನು ಕೇಳಿದರು. ಹಟ್ಟಿಯಿಂದ ನಾಲ್ಕು ದನಗಳು ನಮ್ಮಿಬ್ಬರನ್ನೂ ನೋಡುತ್ತಿದ್ದವು.

ಸಾಹೇಬರು ಬಂದ ದಿನ

ಹೀಗಿರುವಾಗಲೇ ಮರುದಿನ ಜಿಲ್ಲೆಯ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನನ್ನ ಗದಗ ಮುಗಿಯಿತೆಂದು ಬ್ಯಾರಿ ಅಜ್ಜಿಯ ಜಗಲಿಯಲ್ಲಿ ಕೂತೆ. ಅಜ್ಜಿ ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದು, "ಅವರಿಗೆ ಹೊಗೆ ಕಾಣಬಾರದು, ಅಷ್ಟೇ ಅಲ್ವಾ?" ಎಂದರು. "ನಾಳೆ ಯಾರೂ ಒಲೆ ಹಚ್ಚುವುದು ಬೇಡ."

ಮಾತು ಮನೆಯಿಂದ ಮನೆಗೆ ಹೋಯಿತು. ಬೆಳಿಗ್ಗೆ ಇಡೀ ಊರು ತಂಗಳನ್ನ ಉಂಡು ಕೂತಿತು. ಸ್ನಾನದ ಹಂಡೆಗೂ ಬೆಂಕಿ ಇಲ್ಲ. ಸಾಹೇಬರಿಗೆ ಮೊದಲ ಮನೆಯಲ್ಲಿ ಬೆಲ್ಲ ನೀರು, ಎರಡನೆಯದರಲ್ಲಿ ಎಳನೀರು, ಆಮೇಲೆ ಮಜ್ಜಿಗೆ, ಮತ್ತೆ ಬೆಲ್ಲ ನೀರು. ಕೊನೆಗೆ ಅವರು ಸಣ್ಣ ದನಿಯಲ್ಲಿ, ಒಂದು ಲೋಟ ಬಿಸಿ ಚಾ ಸಿಕ್ಕೀತೇ ಎಂದು ಕೇಳಿದರು. ದಿನಕ್ಕೆ ಐದಾರು ಸಲ ಚಾ ಕುಡಿಯುವ ಮನೆ ಅದು. "ನಮ್ಮ ಊರಿನಲ್ಲಿ ಚಾದ ಅಭ್ಯಾಸ ಇಲ್ಲ," ಎಂದಳು ಯಜಮಾನತಿ, ಕಣ್ಣು ಮಿಟುಕಿಸದೆ.

ಸಾಹೇಬರು ಮನಸೋತರು. ಶಾಲೆಯ ಜಗಲಿಯಲ್ಲಿ ಎಲ್ಲರನ್ನೂ ಸೇರಿಸಿ, ಇಂಥ ಊರನ್ನು ತಾನು ನೋಡಿಯೇ ಇಲ್ಲ ಎಂದರು. ಜೊತೆಗೆ ಬಂದಿದ್ದ ನಮ್ಮ ಮೇಲಧಿಕಾರಿ ಮೆಲ್ಲನೆ ಬಗ್ಗಿ ನನ್ನ ವರ್ಗದ ವಿಷಯ ಎತ್ತಿದರು.

"ಇಂಥವರನ್ನು ಗದಗಕ್ಕೆ ಬಿಟ್ಟುಕೊಡುವುದುಂಟಾ?" ಎಂದರು ಸಾಹೇಬರು, ಎಲ್ಲರಿಗೂ ಕೇಳುವ ಹಾಗೆ. "ಇನ್ನು ಬಂಟ್ವಾಳ, ಮೂಡುಬಿದಿರೆ ಕಡೆಯೂ ಇವರೇ ನೋಡಿಕೊಳ್ಳಲಿ."

ಹೆಂಗಸರು ಚಪ್ಪಾಳೆ ತಟ್ಟಿದರು. ನಮ್ಮ ಅಧಿಕಾರಿಯೂ ತಟ್ಟಿದರು, ನನ್ನ ಕಡೆ ನೋಡದೆ.

ಜೀಪು ತಿರುವು ದಾಟುವ ಮೊದಲೇ ಎಲ್ಲ ಮನೆಗಳಿಂದಲೂ ಹೊಗೆ ಎದ್ದಿತು. ಅಜ್ಜಿ ಚಾ ಮಾಡಿ ಮೊದಲ ಲೋಟ ನನ್ನ ಕೈಗಿಟ್ಟು ಪಕ್ಕದಲ್ಲಿ ಕೂತರು.

"ಬೇಜಾರು ಮಾಡಬೇಡಿ ಮೇಡಂ. ಬಂಟ್ವಾಳದಲ್ಲಿ ಸಾಹೇಬರು ಬರುವ ದಿನ ಎಲ್ಲರೂ ಒಲೆಗೆ ಹಸಿ ಸೌದೆ ಹಾಕಲಿ. ಗದಗಕ್ಕೆ ಅವರೇ ಬಸ್ಸು ಹತ್ತಿಸ್ತಾರೆ."