ಷಡ್ಡಕ ಕಾಯ್ದ ಕಾಡುಮೂಲೆ

ಪಾರ್ಕಿನಲ್ಲಿ ಕೆಲಸ ಮಾಡುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಗೇಟು ತೆಗೆದರೆ ಸಾಕು, ವಾಕಿಂಗಿನವರ ಜೊತೆ ಅವೂ ಒಳಗೆ ಬರುತ್ತವೆ. ನಾನು ಹಾಸನದ ಒಂದು ಪಾರ್ಕಿನ ಮೇಸ್ತ್ರಿ. ನಮ್ಮ ಪಾರ್ಕಿನ ಹಿಂದುಗಡೆ ಒಂದು ಮೂಲೆಯಿದೆ. ಹೊಂಗೆ, ಲಕ್ಕಿ, ಎಕ್ಕ, ತುಂಬೆ, ನಡುವೆ ಒಂದು ಹುತ್ತ. ಅದನ್ನು ಕತ್ತರಿಸದೆ, ಗುಡಿಸದೆ, ಅದರ ಪಾಡಿಗೆ ಬಿಡಬೇಕೆಂದು ಮೇಲಿನಿಂದ ಆದೇಶ. ಕೇಳುವುದಕ್ಕೆ ಸುಲಭ. ಮಾಡಿ ನೋಡಿದವರಿಗೆ ಗೊತ್ತು.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಚನ್ನರಾಯಪಟ್ಟಣದ ಪಾರ್ಕಿನಲ್ಲಿ ಮೇಸ್ತ್ರಿ. ಅಲ್ಲಿ ಹುಲ್ಲು ಹಾಸಿಗೆ ಹಾಸಿದ ಹಾಗಿದೆ. ಗಿಡಗಳನ್ನು ಆನೆ, ಒಂಟೆ, ಮೊಲದ ಆಕಾರಕ್ಕೆ ಕತ್ತರಿಸಿದ್ದಾನೆ. ಜನ ಮದುವೆಗೆ ಮುಂಚೆ ಅಲ್ಲಿಗೇ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಹೊಟ್ಟೆಕಿಚ್ಚು. ಇದರಲ್ಲಿ ಮುಚ್ಚಿಡುವುದೇನಿದೆ?

ಬೋರ್ಡು

ಕಾಡುಮೂಲೆಯ ಮುಂದೆ ಒಂದು ಬೋರ್ಡು ನೆಟ್ಟೆವು: 'ಇದು ನೈಸರ್ಗಿಕ ಪ್ರದೇಶ. ಇಲ್ಲಿ ಏನನ್ನೂ ಮಾಡಬಾರದು.'

ಮಾರನೆಯ ದಿನ ನಿವೃತ್ತ ಮೇಷ್ಟ್ರೊಬ್ಬರು ಅದರ ಮುಂದೆ ನಿಂತು ಎರಡು ಸಲ ಓದಿದರು. ಆಮೇಲೆ ನನ್ನನ್ನು ಕರೆದರು.

"ಏನಪ್ಪಾ, ಈ ಮೂಲೆಯಲ್ಲಿ ನೀನು ಏನೂ ಕೆಲಸ ಮಾಡ್ತಿಲ್ಲ ಅಂತ ನಮಗೆ ಗೊತ್ತಿತ್ತು. ಅದನ್ನ ಬೋರ್ಡ್ ಬರೆಸಿ ಹಾಕ್ಕೊಳ್ಳೋ ಧೈರ್ಯ ಇದೆಯಲ್ಲ, ಮೆಚ್ಚಿದೆ."

ಏಳೇ ಎಲೆ

ರಥಸಪ್ತಮಿಯ ಮುಂಚಿನ ದಿನ ನನಗೆ ಯುದ್ಧದ ದಿನ. ಮೈಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಬೇಕಲ್ಲ, ಊರಿಗೆ ಊರೇ ನಮ್ಮ ಮೂಲೆಗೆ ಬರುತ್ತದೆ. ಪ್ರತಿಯೊಬ್ಬರದೂ ಒಂದೇ ಮಾತು, "ಏಳೇ ಎಲೆ ಸಾ, ಜಾಸ್ತಿ ಬ್ಯಾಡ." ಎಲ್ಲರ ಏಳನ್ನೂ ಸೇರಿಸಿದರೆ ಗಿಡದಲ್ಲಿ ಉಳಿಯುವುದು ಬರೀ ಕಡ್ಡಿ.

ಒಬ್ಬ ಹೆಂಗಸಿಗೆ ಕೈಮುಗಿದು ಹೇಳಿದೆ, "ಅಮ್ಮಾ, ಈ ಎಲೆ ತಿಂದು ಹುಳ ಬೆಳೀತದೆ. ಆ ಹುಳನೇ ಆಮೇಲೆ ಚಿಟ್ಟೆ ಆಗೋದು. ನೋಡಿ, ಇಲ್ಲೇ ಐತೆ."

ಆಕೆ ಬಗ್ಗಿ ನೋಡಿದಳು. ಮುಖ ಸಿಂಡರಿಸಿದಳು. ಕಿತ್ತಿದ್ದ ಎಲೆಯನ್ನೆಲ್ಲ ನನ್ನ ಕೈಗೇ ಕೊಟ್ಟು, "ಉಳ ಇರೋದು ನಮ್ಗ್ಯಾಕೆ? ಒಳಗಡೆಯಿಂದ ಒಸಾದು ತಂದ್ಕೊಡಿ" ಅಂದಳು.

ನವಿಲು ಮತ್ತು ಮುಂಗುಸಿ

ಕತ್ತರಿ ಹಾಕದ ಜಾಗಕ್ಕೆ ಪಕ್ಷಿ ಪ್ರಾಣಿ ಬರುತ್ತವೆ ಅಂತ ಅಧಿಕಾರಿಗಳು ನಮಗೆ ಪಾಠ ಮಾಡಿದ್ದರು. ನಾನು ಕತ್ತರಿಯನ್ನೇ ಮುಟ್ಟದೆ ಕಾದೆ. ನವಿಲು ಬಂತು. ಎಲ್ಲಿಗೆ? ಷಡ್ಡಕನ ಪಾರ್ಕಿಗೆ! ಕೆರೆ ಕಡೆಯಿಂದ ಹಾರಿ ಬಂದು, ಅವನು ಕತ್ತರಿಸಿದ ಒಂಟೆಯ ಬೆನ್ನ ಮೇಲೆ ಕೂತಿತಂತೆ. ಇದು ಯಾವ ನ್ಯಾಯ?

ಆ ಭಾನುವಾರ ಇಬ್ಬರೂ ಅರಕಲಗೂಡಿನ ಅತ್ತೆಮನೆಗೆ ಊಟಕ್ಕೆ ಹೋಗಿದ್ದೆವು. ಅವನು ಮೊಬೈಲಿನಲ್ಲಿ ನವಿಲು ತೋರಿಸಿದ. ಅತ್ತೆ ಮೊಬೈಲಿಗೇ ಕೈಮುಗಿದು, ಕೋಳಿಯ ಕಾಲು ಅವನ ತಟ್ಟೆಗೆ ಹಾಕಿದರು. ನಾನೂ ಸುಮ್ಮನಿರಲಿಲ್ಲ. ನಮ್ಮ ಮೂಲೆಯ ಮುಂಗುಸಿಯ ಫೋಟೊ ತೆಗೆದು ತೋರಿಸಿದೆ. ಓಡುವಾಗ ತೆಗೆದದ್ದು, ಸ್ವಲ್ಪ ಮಂಜಾಗಿತ್ತು.

ಅತ್ತೆ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಅಲ್ಲಾ ಅಳೀಂದ್ರೆ, ಹೆಗ್ಗಣ ಇಷ್ಟ್ ದಪ್ಪ ಆಗೋಗಂಟ ನೀವೇನ್ ಮಾಡ್ತಿದ್ರಿ?"

ನನ್ನ ತಟ್ಟೆಗೆ ಕೋಳಿಯ ಕತ್ತು ಬಿತ್ತು.

ಬೇಡ ಅಂದೆ

ಕೊನೆಗೆ ನಮ್ಮ ಮೂಲೆಗೇ ಸಂಚಕಾರ ಬಂತು. ಅಲ್ಲಿ ಸಿಮೆಂಟ್ ಇಟ್ಟಿಗೆ ಹಾಸಿ ಓಪನ್ ಜಿಮ್ ಮಾಡಬೇಕೆಂದು ಕೆಲವರು ಅರ್ಜಿ ಕೊಟ್ಟರು. ಜಿಲ್ಲೆಯ ಪಾರ್ಕುಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಸಾಹೇಬರು ಸೋಮವಾರ ಬಂದು ನೋಡುತ್ತಾರೆ, ಉಳಿಸುವಂಥದ್ದು ಅನ್ನಿಸಿದರೆ ಸುತ್ತ ಬೇಲಿ, ಇಲ್ಲದಿದ್ದರೆ ಜಿಮ್ ಅಂತ ಸುದ್ದಿ ಬಂತು. ನನಗೆ ಊಟ ಸೇರಲಿಲ್ಲ. ಬೈದುಕೊಂಡೇ ಕಾಯ್ದಿದ್ದರೂ ಆ ಮೂಲೆ ನನ್ನದೇ ಅನ್ನಿಸಿಬಿಟ್ಟಿತ್ತು.

ಷಡ್ಡಕ ಫೋನ್ ಮಾಡಿದ. "ಅಣ್ಣಾ, ಸಾಹೇಬ್ರು ಬತ್ತಾರಂತೆ. ನಮ್ ಕಡೆ ಆಳು, ಮಿಷನ್ನು ತಕಂಬಂದು ಏನಾರಾ ಮಾಡ್ಕೊಡ್ಲಾ?"

"ಬೇಡ" ಅಂದೆ.

"ಸಂಕೋಚ ಪಟ್ಕೋಬ್ಯಾಡ ಕಣಣ್ಣಾ."

"ಬೇಡ ಅಂದ್ರೆ ಬೇಡ ಕಣಯ್ಯಾ!"

ನಾನು ಮರೆತದ್ದು ಇದನ್ನೇ. ನಮ್ಮ ಕಡೆ ಬೇಡ ಅಂದವನ ತಟ್ಟೆಗೆ ಒಂದು ಮುದ್ದೆ ಬೀಳುತ್ತದೆ. ಗಟ್ಟಿಯಾಗಿ ಬೇಡ ಅಂದರೆ ಮುದ್ದೆಯ ಮೇಲೆ ಸಾರೂ ಬೀಳುತ್ತದೆ.

ಭಾನುವಾರ ನಾನು ನೆಂಟರ ಮನೆಯ ನಾಮಕರಣಕ್ಕೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಸೋಮವಾರ ಮೊದಲ ಬಸ್ಸಿಗೆ ಬಂದು, ನೇರ ಪಾರ್ಕಿಗೆ ಹೋಗಿ ನೋಡುತ್ತೇನೆ, ಮೂಲೆಯೇ ಇಲ್ಲ! ತುಂಬೆ, ಲಕ್ಕಿ, ಎಕ್ಕ ಎಲ್ಲ ಬುಡಕ್ಕೆ ಬೋಳು. ಹೊಂಗೆ ಮರಕ್ಕೆ ಸೊಂಟದವರೆಗೆ ಸುಣ್ಣ, ಕೆಮ್ಮಣ್ಣು. ಹುತ್ತದ ಸುತ್ತ ರಂಗೋಲಿ. ನಡುವೆ ಷಡ್ಡಕ, ಬೆವರು ಒರೆಸಿಕೊಳ್ಳುತ್ತಾ ನಗುತ್ತಿದ್ದಾನೆ.

"ಎಂಗೈತಣ್ಣಾ? ದೊಡ್ಡೋರು ಬತ್ತಾರೆ ಅಂದ್ರೆ ಮನೆ ಗುಡಿಸ್ಕಳಲ್ವಾ?"

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಅವರು ಕೊರಳಲ್ಲಿ ದುರ್ಬೀನು ಹಾಕಿಕೊಂಡು ಬಂದಿದ್ದರು. ಬೋಳು ನೆಲವನ್ನು ನೋಡಿದರು. ರಂಗೋಲಿಯನ್ನು ನೋಡಿದರು. ಮುಖ ಕೆಂಪಾಯಿತು.

"ಯಾರ್ರೀ ಇದನ್ನ ಮಾಡಿದ್ದು?"

ನಾನು ಹೊಂಗೆಯ ಮರೆಗೆ ಸರಿದೆ. ಆದರೆ ಷಡ್ಡಕನಿಗೆ ಹೊಗಳಿಕೆ ಕೇಳಿ ಅಭ್ಯಾಸ. ಎಲ್ಲಿ ಹೆಸರು ನನಗೆ ಹೋಗಿಬಿಡುತ್ತದೋ ಅಂತ ಎರಡು ಹೆಜ್ಜೆ ಮುಂದೆ ಬಂದು ಕೈಮುಗಿದ.

"ನಾನೇ ಸಾ! ಅಣ್ಣ ಊರಲ್ಲೇ ಇರ್ಲಿಲ್ಲ. ಪೂರ್ತಿ ನಂದೇ ಕೆಲ್ಸ ಸಾ!"

ಸಾಹೇಬರು ಬೈದದ್ದನ್ನು ಬರೆಯುವುದಿಲ್ಲ. ಕೊನೆಗೆ ಹೇಳಿದ್ದು ಇಷ್ಟು: "ಇದು ಮತ್ತೆ ಬೆಳೆಯೋವರೆಗೂ ನೀನೇ ಇಲ್ಲಿ ಕೂತು ಕಾಯಬೇಕು. ಒಂದು ಕಡ್ಡಿ ಮುಟ್ಟಬಾರದು. ಮಳೆಗಾಲ ಮುಗಿಯೋದ್ರೊಳಗೆ ಚಿಗುರಲಿಲ್ಲ ಅಂದ್ರೆ ಜಿಮ್ಮೇ ಗತಿ."

ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮನೆಗೆ ಹೋದ ಮೇಲೆ ಇಳಿಯಿತು. ಅವನು ಹಾಸನದಲ್ಲಿ ಕಾಯಬೇಕು ಅಂದರೆ ಉಳಿಯುವುದೆಲ್ಲಿ? ನಮ್ಮ ಮನೆಯಲ್ಲೇ! "ನನ್ ತಂಗಿ ಗಂಡ ಬಿಸಿಲಲ್ಲಿ ಕೂತವ್ರೆ" ಅಂತ ನನ್ನ ಹೆಂಡತಿ ದಿನಾ ಕ್ಯಾರಿಯರ್ ಕಟ್ಟಿದಳು. ಹೊತ್ತುಕೊಂಡು ಹೋದವನು ನಾನು. ಅವನು ಹೊಂಗೆಯ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ತಿಂದ, ತೂಕಡಿಸಿದ, ಮತ್ತೆ ತಿಂದ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಬೇರು ಉಳಿದಿತ್ತು, ಎಲ್ಲ ನುಗ್ಗಿಕೊಂಡು ಬಂತು. ಎಕ್ಕದ ತುಂಬ ಹುಳ, ತುಂಬೆಯ ತುಂಬ ಚಿಟ್ಟೆ. ಸಾಹೇಬರು ಬಂದು ಬೆರಗಾದರು. ಬೇಲಿಗೆ ಅಲ್ಲೇ ಮಂಜೂರಾತಿ ಕೊಟ್ಟರು. ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ಸಾಹೇಬರು ಷಡ್ಡಕನ ಕಡೆ ತಿರುಗಿ ಕೇಳಿದರು, "ಇಷ್ಟು ಚೆನ್ನಾಗಿ ಹೇಗಯ್ಯಾ ಬೆಳೆಸಿದೆ?"

"ಏನೂ ಮಾಡ್ನಿಲ್ಲ ಸಾ. ಸುಮ್ಕೆ ಕೂತಿದ್ದೆ."

"ನೋಡಿ! ಸಂರಕ್ಷಣೆ ಅಂದ್ರೆ ಇದು!" ಅಂದವರೇ ಶಾಲು ತರಿಸಿ ಅವನಿಗೆ ಹೊದಿಸಿದರು. ಹಾರದ ತಟ್ಟೆ ಹಿಡಿದು ನಿಂತವನು ನಾನು.

ಫೋಟೊ ನೋಡಿ ನನ್ನ ಹೆಂಡತಿ ಅಂದಳು, "ನೋಡ್ರೀ, ಕೆಲ್ಸ ಅಂದ್ರೆ ಇಂಗ್ ಮಾಡ್ಬೇಕು. ಇನ್ನಾದ್ರೂ ಕಲೀರಿ."