ಬಿದ್ದ ಮಳೆ ಅಳೆಯುವವನ ಪಾಡು

ಮಳೆ ಆಫೀಸಿನಲ್ಲಿ ಕೆಲಸ ಅಂದರೆ ಸಾಕು, ಮೈಸೂರಿನ ಜನ ನನ್ನನ್ನು ಬೀದಿಯಲ್ಲೇ ನಿಲ್ಲಿಸಿ "ನಾಳೆ ಬರುತ್ತಾ?" ಅಂತ ಕೇಳುತ್ತಿದ್ದರು. ಬಿದ್ದ ಮಳೆ ಅಳೆದು ತಂತಿ ಕಳಿಸುವುದಷ್ಟೇ ನನ್ನ ಕೆಲಸ, ಬೀಳುವ ಮಳೆ ಹೇಳುವವರು ಬೇರೆ ಊರಲ್ಲಿದ್ದಾರೆ ಅಂದರೆ ನಂಬುವವರೇ ಇಲ್ಲ. ಅರವತ್ತರ ದಶಕದ ಆ ದಿನಗಳಲ್ಲಿ ಇಂಥವು ವಾರಕ್ಕೊಂದಾದರೂ ಆಗುತ್ತಿದ್ದವು.

೧. ಶುಚಿ

ಆಫೀಸಿನ ಅಂಗಳದಲ್ಲಿ ಮಳೆ ಅಳೆಯುವ ತಾಮ್ರದ ಪಾತ್ರೆ ಇತ್ತು. ರಾತ್ರಿಯೆಲ್ಲ ಜಡಿಮಳೆ ಸುರಿದ ಮಾರನೇ ಬೆಳಿಗ್ಗೆ ಹೋಗಿ ನೋಡುತ್ತೇನೆ, ಪಾತ್ರೆ ಫಳಫಳ ಹೊಳೆಯುತ್ತಿದೆ, ಒಳಗೆ ಒಂದು ಹನಿ ನೀರಿಲ್ಲ. ಹೊಸದಾಗಿ ಸೇರಿದ್ದ ಜವಾನ ಕೈಕಟ್ಟಿ ನಿಂತಿದ್ದ.

"ಮೇಲಿನ ಸಾಹೇಬ್ರು ಬತ್ತಾರೆ ಅಂದ್ರಲ್ಲ ಸ್ವಾಮಿ. ನೀರು ತುಂಬ್ಕಂಡಿತ್ತು. ಚೆಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿ ಮಡಗಿವ್ನಿ."

ಸಿಟ್ಟು ನೆತ್ತಿಗೇರಿತು. ಆದರೆ ಅಷ್ಟು ಶ್ರದ್ಧೆಯಿಂದ ಮಾಡಿದವನನ್ನು ಬೈಯುವುದು ಹೇಗೆ? ಎಷ್ಟು ನೀರಿತ್ತಪ್ಪ ಅಂತ ಕೇಳಿದೆ.

"ಸರಿಯಾಗಿ ನೋಡ್ಲಿಲ್ಲ ಸ್ವಾಮಿ. ತುಳಸಿ ಗಿಡಕ್ಕೆ ಸಾಕಾಯ್ತು."

೨. ಉಪಗ್ರಹ

ನಾವಿದ್ದದ್ದು ಲಷ್ಕರ್ ಮೊಹಲ್ಲಾದಲ್ಲಿ. ಪಕ್ಕದ ಮನೆಯಾಕೆ ಗಂಡ ತೀರಿಕೊಂಡ ಮೇಲೆ ಹಪ್ಪಳ ಮಾಡಿ ಸಂಸಾರ ನಡೆಸುತ್ತಿದ್ದರು. ಆ ಸಲ ಮೊದಲ ಬಾರಿಗೆ ಒಂದು ದೊಡ್ಡ ಮದುವೆಮನೆಯ ಹಪ್ಪಳ ಒಪ್ಪಿಕೊಂಡಿದ್ದರು. ಇದೊಂದು ಕೆಟ್ಟರೆ ಇನ್ನು ಯಾರೂ ತಮ್ಮ ಮನೆ ಬಾಗಿಲಿಗೆ ಬರುವುದಿಲ್ಲ ಅನ್ನುವ ದಿಗಿಲು ಅವರಿಗೆ.

ಒಂದು ಸಂಜೆ ಪತ್ರಿಕೆಯಲ್ಲಿ ಬಂದ ಮೋಡಗಳ ಚಿತ್ರ ತೋರಿಸಿದೆ. ಇದು ಆಕಾಶದಲ್ಲಿ ಸುತ್ತುವ ಉಪಗ್ರಹ ತೆಗೆದದ್ದು, ಮುಂದೆ ಇದನ್ನು ನೋಡಿಯೇ ಮಳೆ ಹೇಳುತ್ತಾರೆ ಅಂದೆ. ಆಕೆ ಮುಟ್ಟದೆ ದೂರದಿಂದಲೇ ನೋಡಿದರು.

"ಒಂಬತ್ತು ಗ್ರಹಕ್ಕೇ ಶಾಂತಿ ಮಾಡಿಸಿ ಸಾಕಾಗಿದೆ ಕಣಣ್ಣ. ಇದಕ್ಕೆ ಯಾವ ಧಾನ್ಯ ದಾನ ಕೊಡ್ಬೇಕು?"

೩. ಅಣ್ಣನಾಗಿ

ಮದುವೆಗೆ ಎರಡೇ ದಿನ ಉಳಿದಿತ್ತು. ಬೆಳಿಗ್ಗೆ ಮೋಡ ಕವಿದಿತ್ತು. ಒಂದೆರಡು ಕಡೆ ಮಳೆ ಆಗಬಹುದು ಅಂತ ರೇಡಿಯೋದವರು ಹೇಳಿ ಕೈತೊಳೆದುಕೊಂಡಿದ್ದರು. ಆಕೆ ಲಟ್ಟಿಸಿದ ಹಪ್ಪಳದ ಮೊರ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಹಾಕ್ಲಾ, ಬೇಡ್ವಾ? ಇವತ್ತು ಒಣಗದಿದ್ರೆ ಎಲ್ಲ ಬೂಷ್ಟು ಹಿಡಿಯುತ್ತೆ."

ಹಾಗೆಲ್ಲ ಹೇಳುವ ಅಧಿಕಾರ ನನಗಿಲ್ಲಮ್ಮ ಅಂದೆ.

"ಸರ್ಕಾರದವರಾಗಿ ಬೇಡ. ಅಣ್ಣನಾಗಿ ಹೇಳಿ."

ಆ ಮುಖ ನೋಡಿ ತಡೆಯಲಾಗಲಿಲ್ಲ. "ಹಾಕಮ್ಮ, ಬರಲ್ಲ" ಅಂದುಬಿಟ್ಟೆ.

ಮಧ್ಯಾಹ್ನ ಆಫೀಸಿನ ಮೇಲೆ ಧೋ ಅಂತ ಮಳೆ ಸುರಿಯಿತು. ನನ್ನ ಒಂದು ಮಾತು ನಂಬಿ ಆಕೆ ಕೆಟ್ಟರಲ್ಲ ಅನ್ನಿಸಿತು. ತಲೆನೋವು ಅಂತ ಸಾಹೇಬರಿಗೆ ಹೇಳಿ ಸೈಕಲ್ ಹತ್ತಿದೆ. ಅರ್ಧ ದಾರಿ ತೊಪ್ಪೆಯಾಗಿ ನೆನೆದೆ. ಆಮೇಲೆ ನೋಡಿದರೆ ರಸ್ತೆಯಲ್ಲಿ ಧೂಳು. ನಮ್ಮ ಬೀದಿಯಲ್ಲಂತೂ ಬಿಸಿಲು ಚುರುಗುಟ್ಟುತ್ತಿತ್ತು, ಚಾಪೆ ತುಂಬ ಹಪ್ಪಳ ಗರಿಗರಿಯಾಗಿ ಒಣಗಿತ್ತು.

ಸೈಕಲ್ ಗೋಡೆಗೆ ಒರಗಿಸಿ ಚಾಪೆಯ ಹತ್ತಿರ ಓಡಿದೆ. ಕಾವಲು ಕೂತಿದ್ದ ಆಕೆ ಗಡಬಡಿಸಿ ಎದ್ದು ಎರಡೂ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕೊಳ್ಳಿ ಅಣ್ಣ, ಮೈಯಿಂದ ನೀರು ಸುರೀತಿದೆ. ಬೆಳಗಿಂದ ಬರದ ಮಳೆನ ಈಗ ನೀವು ತಂದು ಸುರೀಬೇಡಿ."